ಆಕ್ಸ್‌ಫರ್ಡ್ ಕಾಲೇಜಿನ ಪತ್ರದಲ್ಲಿರುವ ಈ ಪದಗಳ ಅರ್ಥ ತಿಳಿಸಿ

ಹಾಸನದ_ಮಾವ:
ಹಾಸನದಲ್ಲೇ ಬಿ.ಎಸ್ಸಿ. ಮುಗಿಸಿದ ನಮ್ಮ ಅಕ್ಕನ ಮಗಳಿಗೆ ಆಕ್ಸ್‌ಫರ್ಡ್‌ನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ. ಕಾಲೇಜಿನಿಂದ ಬಂದ ಪತ್ರದಲ್ಲಿ ಮಿಕಲ್ಮಸ್, ಬ್ಯಾಟಲ್ಸ್, ಸಬ್‌ಫಸ್ಕ್, ಮೆಟ್ರಿಕ್ಯುಲೇಷನ್, ಪಿಜ್, ಸ್ಕೌಟ್ ಅಂತೆಲ್ಲ ಇದೆ. ಯಾವುದಕ್ಕೆ ದುಡ್ಡು ಹೊಂದಿಸಬೇಕು, ಯಾವುದನ್ನು ಇಲ್ಲಿಂದಲೇ ಕೊಂಡೊಯ್ಯಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಮೂಡಿಗೆರೆ_ಓದುಗ:
ದುಡ್ಡಿನ ವಿಷಯ ಮೊದಲು. ಬ್ಯಾಟಲ್ಸ್ ಎಂದರೆ ಕಾಲೇಜು ಕಳಿಸುವ ಬಿಲ್: ಕೊಠಡಿ ಬಾಡಿಗೆ, ಊಟದ ಖರ್ಚು ಇತ್ಯಾದಿ. ನಮ್ಮ ಹಾಸ್ಟೆಲ್ ಫೀಸು, ಮೆಸ್ ಬಿಲ್ ಎರಡೂ ಸೇರಿದ ಹಾಗೆ ಅಂದುಕೊಳ್ಳಿ. ಕೋರ್ಸ್ ಶುಲ್ಕ ಬೇರೆ, ಇದು ಬೇರೆ. ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವಾಗ ಕೋರ್ಸ್ ಶುಲ್ಕ ಮಾತ್ರ ಬರೆದರೆ ಅಲ್ಲಿ ಹೋದ ಮೇಲೆ ಕೈ ಕಟ್ಟಿಹೋಗುತ್ತದೆ. ಎರಡನ್ನೂ ಸೇರಿಸಿ ಅಂದಾಜು ಮಾಡಿ.

ಮಿಕಲ್ಮಸ್, ಹಿಲರಿ, ಟ್ರಿನಿಟಿ ಮೂರು ಟರ್ಮುಗಳ ಹೆಸರು: ಅಕ್ಟೋಬರ್‌ನಿಂದ ಡಿಸೆಂಬರ್, ಜನವರಿಯಿಂದ ಮಾರ್ಚ್, ಏಪ್ರಿಲ್‌ನಿಂದ ಜೂನ್. ಪಾಠ ನಡೆಯುವ ಪೂರ್ಣ ಟರ್ಮು 8 ವಾರ. ಅಲ್ಲಿ ತಾರೀಕಿಗಿಂತ ವಾರದ ಸಂಖ್ಯೆಯಲ್ಲೇ ಮಾತು. ವಾರ ಶುರುವಾಗುವುದು ಭಾನುವಾರ, ಹೊಸಬರು ಎಡವುವುದು ಇಲ್ಲೇ. ಮೊದಲ ವಾರದ ಭಾನುವಾರ ಅಕ್ಟೋಬರ್ 12 ಆದರೆ, 'ಮೂರನೇ ವಾರ, ಮಂಗಳವಾರ' ಎಂದರೆ ಅಕ್ಟೋಬರ್ 28. ಮೊದಲ ವಾರಕ್ಕೂ ಹಿಂದಿನದು ಸೊನ್ನೆಯ ವಾರ, ಅಂದರೆ 'ನಾಟ್ತ್ ವೀಕ್'. ಪರಿಚಯ ಕಾರ್ಯಕ್ರಮಗಳೆಲ್ಲ ಆಗಲೇ ಮುಗಿಯುವುದರಿಂದ ಟಿಕೆಟ್ ಬುಕ್ ಮಾಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಳಸ_ಟೈಲರ್:
ಸಬ್‌ಫಸ್ಕ್ ಎಂದರೆ ಸಮಾರಂಭ, ಪರೀಕ್ಷೆಗಳಿಗೆ ತೊಡಬೇಕಾದ ವಿಧಿಬದ್ಧ ಉಡುಪು. ಅದರ ಬಹುಭಾಗ ಹಾಸನದಲ್ಲೇ ಹೊಲಿಸಬಹುದು. ಗಾಢ ಬಣ್ಣದ ಪ್ಯಾಂಟ್ ಅಥವಾ ಸ್ಕರ್ಟ್, ಕಾಲರ್ ಇರುವ ಅಚ್ಚ ಬಿಳಿ ಶರ್ಟ್ ಅಥವಾ ಬ್ಲೌಸ್, ಕಪ್ಪು ಶೂ. ಪ್ಯಾಂಟಿಗೆ ಗಾಢ ಬಣ್ಣದ ಕಾಲುಚೀಲ, ಸ್ಕರ್ಟಿಗೆ ಕಪ್ಪು ಸ್ಟಾಕಿಂಗ್ಸ್. ಕೊರಳಿಗೆ ಬಿಳಿ ಅಥವಾ ಕಪ್ಪು ಬೋ ಟೈ, ಉದ್ದನೆಯ ಕಪ್ಪು ಟೈ, ಇಲ್ಲವೇ ಕಪ್ಪು ರಿಬ್ಬನ್, ಇವುಗಳಲ್ಲಿ ಒಂದು. 2012ರಿಂದ ಹುಡುಗ, ಹುಡುಗಿ ಎಂಬ ಭೇದವಿಲ್ಲ, ಯಾರು ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು. ಬಿಳಿ ಶರ್ಟಿನಲ್ಲಿ ಗೆರೆ, ಕಸೂತಿ ಏನೂ ಇರಬಾರದು. ಕಂದು ಶೂ ನಡೆಯುವುದಿಲ್ಲ.

ಗೌನು, ಚೌಕ ಟೋಪಿ ಮಾತ್ರ ಇಲ್ಲಿಂದ ಬೇಡ. ನಮ್ಮ ಘಟಿಕೋತ್ಸವದ ಗೌನು ಅಲ್ಲಿಗೆ ಆಗುವುದಿಲ್ಲ. ಆಕ್ಸ್‌ಫರ್ಡ್ ಪೇಟೆಯ ಅಂಗಡಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯ ಗೌನು ಎಂದು ಕೇಳಿ ತೆಗೆದುಕೊಳ್ಳಲಿ. ಬಿ.ಎ. ಮಕ್ಕಳದು ಅದಕ್ಕಿಂತ ಗಿಡ್ಡ.

ಮೂಡಿಗೆರೆ_ಓದುಗ:
ಸಬ್‌ಫಸ್ಕ್ ತೊಡುವುದು ಮೂರು ಕಡೆ: ಮೆಟ್ರಿಕ್ಯುಲೇಷನ್, ಪರೀಕ್ಷೆ ಮತ್ತು ಪದವಿ ಪ್ರದಾನ ಸಮಾರಂಭ. ನಮ್ಮ ಹಿರಿಯರಿಗೆ ಮೆಟ್ರಿಕ್ ಎಂದರೆ ಹತ್ತನೇ ತರಗತಿ. ಅಲ್ಲಿ ಅದು ವಿದ್ಯಾರ್ಥಿಯನ್ನು ವಿಶ್ವವಿದ್ಯಾಲಯಕ್ಕೆ ವಿಧಿವತ್ತಾಗಿ ಸೇರಿಸಿಕೊಳ್ಳುವ ಸಮಾರಂಭ. ಮೊದಲ ಟರ್ಮಿನಲ್ಲೇ ಆಗುತ್ತದೆ, ತಪ್ಪಿಸಬಾರದು. ಪರೀಕ್ಷೆಗೆ ಕಾರ್ನೇಷನ್ ಹೂ ಮುಡಿಯುವುದು ನಿಯಮವಲ್ಲ, ಚೆಂದದ ಪದ್ಧತಿ: ಮೊದಲ ಪೇಪರಿಗೆ ಬಿಳಿ, ನಡುವಿನವಕ್ಕೆ ಗುಲಾಬಿ ಬಣ್ಣ, ಕೊನೆಯದಕ್ಕೆ ಕೆಂಪು.

ಪಿಜ್ ಎಂದರೆ ಗೇಟಿನ ಪಕ್ಕದ ಪೋರ್ಟರ್ಸ್ ಲಾಡ್ಜ್‌ನಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಅಂಚೆ ಗೂಡು. ಸ್ಕೌಟ್ ಎಂದರೆ ಕೊಠಡಿ ಶುಚಿ ಮಾಡುವ ಸಿಬ್ಬಂದಿ. ಕೆಲವು ಕಾಲೇಜುಗಳಲ್ಲಿ ವಾರ್ಡನ್ ಎಂದರೆ ಹಾಸ್ಟೆಲ್ ವಾರ್ಡನ್ ಅಲ್ಲ, ಇಡೀ ಕಾಲೇಜಿನ ಮುಖ್ಯಸ್ಥರು. ಮರ್ಟನ್, ವಾಡಮ್ ಇವಕ್ಕೆ ಉದಾಹರಣೆ. ಕೊಠಡಿಯ ಬಲ್ಬು ಹೋಯಿತೆಂದು ಅವರಿಗೆ ಮೇಲ್ ಬರೆಯುವುದು ಬೇಡ, ಪೋರ್ಟರಿಗೆ ಹೇಳಿದರೆ ಸಾಕು.

ಬೇಲೂರು_ಕನ್ನಡತಿ:
'ಯೂನಿಯನ್' ಬಗ್ಗೆಯೂ ಎಚ್ಚರವಿರಲಿ. ಆಕ್ಸ್‌ಫರ್ಡ್ ಯೂನಿಯನ್ ವಿದ್ಯಾರ್ಥಿ ಸಂಘವಲ್ಲ. ದುಡ್ಡು ಕೊಟ್ಟು ಸದಸ್ಯರಾಗಬೇಕಾದ ಚರ್ಚಾ ಸಂಸ್ಥೆ. ನಮ್ಮ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು ಅಲ್ಲಿ ಓದುತ್ತಿದ್ದಾಗ ಅಧ್ಯಕ್ಷರಾಗಿದ್ದದ್ದು ಇದಕ್ಕೇ. ಚರ್ಚೆಯಲ್ಲಿ ಆಸಕ್ತಿ ಇದ್ದರೆ ಖಂಡಿತ ಸೇರಲಿ, ಆದರೆ ಕಡ್ಡಾಯವೆಂದು ತಿಳಿದು ಮೊದಲ ವಾರವೇ ಹಣ ಕಟ್ಟುವುದು ಬೇಡ. ಕಾರ್ನಾಡರು ಓದಿದ ಕಾಲೇಜಿನ ಹೆಸರು ಬರಹದಲ್ಲಿ ಮ್ಯಾಗ್ಡಲೆನ್ ಅಂತ ಕಂಡರೂ ಬಾಯಲ್ಲಿ 'ಮಾಡ್ಲಿನ್'. ದಾರಿ ಕೇಳುವಾಗ ಬೇಕಾಗುತ್ತದೆ.

ಇನ್ನೊಂದು: ಕೇಂಬ್ರಿಡ್ಜಿನ ಪದಪಟ್ಟಿ ನೋಡಿಕೊಂಡು ಹೋಗಬೇಡಿ. ಅಲ್ಲಿ ಸ್ಕೌಟ್ ಬದಲು ಬೆಡ್ಡರ್, ಟ್ಯುಟೋರಿಯಲ್ ಬದಲು ಸೂಪರ್‌ವಿಷನ್, ಹಿಲರಿ ಬದಲು ಲೆಂಟ್.

ಹಾಸನದ_ಮಾವ:
ಬಹಳ ಉಪಕಾರವಾಯಿತು. ಮುಂದೆ ಅಲ್ಲೇ ಪಿಎಚ್.ಡಿ. ಮಾಡುವ ಆಸೆ ಅವಳಿಗಿದೆ. ಡಿ.ಫಿಲ್. ಅಂತ ಬರೆದಿದ್ದಾರೆ, ಅದು ಎಂ.ಫಿಲ್. ಥರದ್ದಾ?

ಮೂಡಿಗೆರೆ_ಓದುಗ:
ಅಲ್ಲ, ಆಕ್ಸ್‌ಫರ್ಡ್ ತನ್ನ ಪಿಎಚ್.ಡಿ.ಗೆ ಇಟ್ಟ ಹೆಸರೇ ಡಿ.ಫಿಲ್. ಅಲ್ಲಿ ಎಂ.ಫಿಲ್. ಬೇರೆಯೇ ಇದೆ, ಸಾಮಾನ್ಯವಾಗಿ ಎರಡು ವರ್ಷದ್ದು. ಇಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ಡಿ.ಫಿಲ್. ಎಂಬುದರ ಮುಂದೆ ಪಿಎಚ್.ಡಿ. ಪದವಿ ಎಂದು ಸ್ಪಷ್ಟವಾಗಿ ಬರೆಯಲಿ.