ಶಾ-256 ಬಳಸಿ ರೈತರ ಲೆಕ್ಕವನ್ನು ಗುಟ್ಟಾಗಿ ಇಡಬಹುದಾ?

ಗಂಗಾವತಿ ಹುಡುಗ:
ನಮಸ್ಕಾರ. ಇಲ್ಲಿನ ಎಪಿಎಂಸಿಯ ಒಂದು ದಲಾಲಿ ಅಂಗಡಿಗೆ ಪೈಥಾನ್‌ನಲ್ಲಿ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಭತ್ತ ತರುವ ರೈತರ ಹೆಸರು, ಮೊಬೈಲ್ ನಂಬರ್, ಬ್ಯಾಂಕ್ ಖಾತೆ, ನಾಟಿಗೆ ತೆಗೆದುಕೊಂಡ ಮುಂಗಡ, ಎಲ್ಲ ಅದರಲ್ಲಿದೆ. ದಿನಾ ಸಂಜೆ ಪೆನ್‌ಡ್ರೈವ್‌ಗೆ ಬ್ಯಾಕಪ್ ಹೋಗುತ್ತದೆ. ಅದು ಬೇರೆಯವರ ಕೈಗೆ ಸಿಕ್ಕರೆ ಯಾರ ಮೇಲೆ ಎಷ್ಟು ಬಾಕಿ ಇದೆ ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಹಾಗೆ ಆಗಲೇಬಾರದು.

ನನ್ನ ಯೋಚನೆ ಇದು. ಮೊಬೈಲ್ ನಂಬರ್‌ಗೆ ನೇರವಾಗಿ ಶಾ-256 ಹ್ಯಾಶ್, ಅಂದರೆ ಡೇಟಾದಿಂದ ಹಿಂದಕ್ಕೆ ತಿರುಗಿಸಲಾಗದ ಒಂದು ಗುರುತು ತೆಗೆಯುವ ಲೆಕ್ಕ. ಉಳಿದದ್ದಕ್ಕೆ, ಗುಟ್ಟಿನ ಕೀ ಜೊತೆ 1, 2, 3 ಅಂತ ಎಣಿಕೆ ಸೇರಿಸಿ ಹ್ಯಾಶ್ ಮಾಡಿ, ಬಂದ ಬೈಟ್‌ಗಳನ್ನು ಡೇಟಾ ಜೊತೆ ಎಕ್ಸಾರ್ ಮಾಡುವುದು (ಎರಡರ ಬಿಟ್‌ಗಳು ಬೇರೆ ಇದ್ದರೆ 1, ಒಂದೇ ಇದ್ದರೆ 0). ಓದುವಾಗ ಅದೇ ಎಕ್ಸಾರ್ ಇನ್ನೊಮ್ಮೆ. ಮಾಡಿ ನೋಡಿದೆ, ಡೇಟಾ ಸರಿಯಾಗಿ ವಾಪಸ್ ಬರುತ್ತಿದೆ. ಇಷ್ಟು ಸಾಕಾ?

ಸಂಡೂರು ಕೋಡರ್:
ಮೊಬೈಲ್ ನಂಬರ್ ವಿಷಯ ಮಾತ್ರ ಹೇಳುತ್ತೇನೆ. ನಮ್ಮ ನಂಬರ್‌ಗಳು 6, 7, 8, 9ರಿಂದ ಶುರುವಾಗುತ್ತವೆ. ಅಂದರೆ ಇರುವುದೇ 400 ಕೋಟಿ ಸಾಧ್ಯತೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದವರು ಎಲ್ಲದರ ಹ್ಯಾಶ್ ಕೆಲವೇ ಸೆಕೆಂಡಿನಲ್ಲಿ ತೆಗೆದು ನಿಮ್ಮ ಪಟ್ಟಿಗೆ ಹೋಲಿಸಿಬಿಡುತ್ತಾರೆ.

ಬಿಸಿಲೂರು ರಾಯಚೂರು:
ತಮ್ಮಾ, ಎಕ್ಸಾರ್ ಯೋಚನೆಗೆ ಬುಡವೇ ಇಲ್ಲ ಅಂತಲ್ಲ. ಚಾಚಾ20 ಅನ್ನುವ ಎನ್‌ಕ್ರಿಪ್ಷನ್ ವಿಧಾನ ಕೂಡ ಹೀಗೇ ಕೀ ಮತ್ತು ಎಣಿಕೆಯಿಂದ ಬೈಟ್‌ಗಳ ಸಾಲು ಹುಟ್ಟಿಸುತ್ತದೆ. ಆದರೆ ನಿನ್ನ ವಿಧಾನದಲ್ಲಿ ಎರಡು ದೊಡ್ಡ ತೂತುಗಳಿವೆ.

ಪ್ರತಿ ರೈತನ ದಾಖಲೆಗೂ ಎಣಿಕೆ 1ರಿಂದಲೇ ಶುರುವಾದರೆ ಎಲ್ಲರಿಗೂ ಒಂದೇ ಸಾಲು ಬೀಳುತ್ತದೆ. ಒಬ್ಬ ರೈತನಿಗೆ ತನ್ನ ಹೆಸರು, ಖಾತೆ, ಬಾಕಿ ಗೊತ್ತೇ ಇರುತ್ತದೆ ಅಲ್ವಾ? ಅದನ್ನು ಬ್ಯಾಕಪ್‌ನಲ್ಲಿರುವ ತನ್ನ ದಾಖಲೆ ಜೊತೆ ಎಕ್ಸಾರ್ ಮಾಡಿದರೆ ಆ ಸಾಲು ಸಿಗುತ್ತದೆ. ಆಮೇಲೆ ಪಕ್ಕದ ಹೊಲದವನ ಬಾಕಿಯನ್ನೂ ಓದಬಹುದು. ಕೀ ಬೇಕಾಗಿಯೇ ಇಲ್ಲ.

ಇನ್ನೊಂದು ನನಗೆ ಜಾಸ್ತಿ ಭಯ ಹುಟ್ಟಿಸುವಂಥದ್ದು. ಕಂಪ್ಯೂಟರ್ ಅಕ್ಷರ, ಅಂಕಿಗಳನ್ನು ಬಿಟ್‌ಗಳಾಗಿ ಇಡುವ ಆಸ್ಕಿ ಸಂಕೇತದಲ್ಲಿ 1 ಮತ್ತು 9ರ ನಡುವೆ ಇರುವುದು ಒಂದೇ ಬಿಟ್ ವ್ಯತ್ಯಾಸ. ಎನ್‌ಕ್ರಿಪ್ಟ್ ಆದ ಫೈಲ್‌ನಲ್ಲಿ ಸರಿಯಾದ ಜಾಗದ ಒಂದು ಬಿಟ್ ತಿರುಗಿಸಿದರೆ 12,000 ಬಾಕಿ 92,000 ಆಗುತ್ತದೆ. ನಿನ್ನ ಸಾಫ್ಟ್‌ವೇರ್ ಅದನ್ನು ಸುಮ್ನೆ ಒಪ್ಪಿಕೊಳ್ಳುತ್ತದೆ. ತೊಂದರೆ ಬೀಳುವುದು ರೈತನ ತಲೆಗೆ.

ಎಇಎಸ್-ಜಿಸಿಎಂ ಬಳಸು. ಅದು ಡೇಟಾವನ್ನು ಗುಟ್ಟಾಗಿಡುವುದರ ಜೊತೆಗೆ ಯಾರಾದರೂ ಬದಲಿಸಿದ್ದಾರಾ ಅಂತಲೂ ನೋಡುವ ಎನ್‌ಕ್ರಿಪ್ಷನ್ ವಿಧಾನ. ಪೈಥಾನ್‌ನ ಕ್ರಿಪ್ಟೋಗ್ರಫಿ ಲೈಬ್ರರಿಯಲ್ಲಿ ಸಿದ್ಧವಾಗಿದೆ. ಪ್ರತಿ ಸಲ ಹೊಸ 12 ಬೈಟ್ ನಾನ್ಸ್ (ಒಂದೇ ಸಲ ಬಳಸುವ ಸಂಖ್ಯೆ) ಕೊಡು, ಆಗ ಒಂದೇ ಸಾಲು ಮತ್ತೆ ಬೀಳುವುದಿಲ್ಲ. ಎಇಎಸ್-ಜಿಸಿಎಂ ಸೇರಿಸುವ 16 ಬೈಟ್ ಟ್ಯಾಗ್ ಅನ್ನುವ ತಪಾಸಣೆ ಗುರುತಿನಿಂದ, ಒಂದು ಬಿಟ್ ಬದಲಾದರೂ ಫೈಲ್ ತೆರೆಯದೆ ತಪ್ಪು ತೋರಿಸುತ್ತದೆ.

ಗಂಗಾವತಿ ಹುಡುಗ:
ಅಣ್ಣಾ, ತುಂಬಾ ಉಪಕಾರವಾಯಿತು. ಮೊಬೈಲ್ ನಂಬರ್ ಹಾಕಿ ರೈತನನ್ನು ಹುಡುಕಬೇಕಲ್ಲ, ಅದಕ್ಕೇನು ಮಾಡಲಿ?

ಬಿಸಿಲೂರು ರಾಯಚೂರು:
ಅದಕ್ಕೆ ಎಚ್‌ಮ್ಯಾಕ್-ಶಾ-256 ಹಾಕು. ಅಲ್ಲಿ ಹ್ಯಾಶ್ ಜೊತೆ ಗುಟ್ಟಿನ ಕೀ ಸೇರುತ್ತದೆ. ಕೀ ಇಲ್ಲದವರು ಆ 400 ಕೋಟಿ ನಂಬರ್ ಎಣಿಸಿದರೂ ಪ್ರಯೋಜನವಿಲ್ಲ. ಈ ಕೆಲಸಕ್ಕೆ ಬೇರೆ ಕೀ, ಎಇಎಸ್‌ಗೆ ಬೇರೆ ಕೀ. ಎರಡೂ ಆ ಪೆನ್‌ಡ್ರೈವ್‌ನಲ್ಲಿ ಇರಬಾರದು. ಕೀಗಳ ಇನ್ನೊಂದು ಪ್ರತಿ ಮಾಲೀಕರ ಮನೆಯ ತಿಜೋರಿಯಲ್ಲಿರಲಿ. ಕೀ ಕಳೆದರೆ ಅಂಗಡಿಯವರಿಗೂ ಬ್ಯಾಕಪ್ ತೆರೆಯಲು ಆಗುವುದಿಲ್ಲ. ಇದನ್ನು ಅವರಿಗೆ ಈಗಲೇ ಹೇಳಿಬಿಡು.