ಸಹಾಯ ಬೇಕು: ಕಡಿಮೆ ಓಡುವ ಕಾರಿಗೆ ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕು?

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿರುವ ಅಪ್ಪನ ಕಾರಿನ ವಿಷಯ. 2017ರ ವ್ಯಾಗನ್ ಆರ್, ಪೆಟ್ರೋಲ್. ವರ್ಷಕ್ಕೆ 3,000 ಕಿ.ಮೀ. ಓಡಿದರೆ ಜಾಸ್ತಿ. ಕಾರಿನ ಜೊತೆ ಬಂದ ಪುಸ್ತಕದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಿಸಿ ಎಂದಿದೆ. ಮೆಕ್ಯಾನಿಕ್ 5,000ಕ್ಕೇ ಮಾಡಿಸಿ ಅನ್ನುತ್ತಾರೆ. ಅಪ್ಪ ಮಾತ್ರ "ಕಾರು ಓಡೇ ಇಲ್ಲ, ಸುಮ್ನೆ ಯಾಕೆ ದುಡ್ಡು" ಅಂತ ಎರಡು ವರ್ಷದಿಂದ ಹಾಗೇ ಬಿಟ್ಟಿದ್ದಾರೆ.

ನನಗೆ ಚಿಂತೆ ಇರುವುದು ಅವರ ಓಡಾಟದ ರೀತಿಯ ಬಗ್ಗೆ. ಪೇಟೆಗೆ ಹೋಗಿ ಬರುವುದು, ಬರೀ ಎರಡು ಮೂರು ಕಿ.ಮೀ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್. ಹಾಗಾದರೆ ನೀರಿನಂಶ, ಉರಿಯದ ಪೆಟ್ರೋಲ್ ಎಲ್ಲಾ ಆಯಿಲ್‌ನಲ್ಲೇ ಉಳಿಯುತ್ತದೆ, ಅಲ್ವಾ? ಮಳೆಗಾಲದಲ್ಲಂತೂ ಕಾರು ವಾರಗಟ್ಟಲೆ ನಿಂತೇ ಇರುತ್ತದೆ. ಮೊನ್ನೆ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ತೆಳ್ಳಗೆ ಕೆನೆಯಂಥದ್ದು ಅಂಟಿತ್ತು. ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಮಟ್ಟ ಇಳಿದಿಲ್ಲ. ಹಾಗಾಗಿ ಕೂಲೆಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಗ್ಯಾಸ್ಕೆಟ್‌ನ ತೊಂದರೆ ಇರಲಾರದು ಅಂದುಕೊಂಡಿದ್ದೇನೆ. ಸರೀನಾ?

ಇಂಥ ಓಡಾಟಕ್ಕೆ ವರ್ಷಕ್ಕೊಮ್ಮೆ ಸಾಕಾ, ಆರು ತಿಂಗಳಿಗೇ ಬೇಕಾ? ಮಳೆ ಮುಗಿದ ಮೇಲೆ ಮಾಡಿಸುವುದು ಒಳ್ಳೆಯದಾ? ವಾರಕ್ಕೊಮ್ಮೆ 20 ಕಿ.ಮೀ. ಓಡಿಸಿ ಅಂತ ಅಪ್ಪನಿಗೆ ಹೇಳಲಾ? ಕಾರು ಕಡಿಮೆ ಓಡಿಸುವವರು ದಯವಿಟ್ಟು ನಿಮ್ಮ ಅನುಭವ ಬರೆಯಿರಿ. ಅಪ್ಪನಿಗೆ ಓದಿ ಹೇಳುತ್ತೇನೆ.