ಕೀ ಪ್ರತಿಸಲ ಲೆಗ್ಯೂಮ್‌ಗೇ ಹೋಗಿ ನಿಲ್ಲುತ್ತಿದೆ, ಹೂ ಮಾತ್ರ ಹೊಂದುತ್ತಿಲ್ಲ

ಕಾಡುಗಿಡ: ಸಣ್ಣ ಮರ, ಕುರುಚಲು ಕಾಡಿನದು. ಗರಿಯಂಥ ಸಂಯುಕ್ತ ಎಲೆ, ಕಿರುಎಲೆಗಳು ಒತ್ತೊತ್ತಾಗಿ ಎರಡು ಸಾಲು. ಗಿಡ ಗುರುತಿಸುವ ಕೀ (ಲಕ್ಷಣ ಒಂದೊಂದಾಗಿ ಆರಿಸುತ್ತ ಹೋಗುವ ಪಟ್ಟಿ) ಹಿಡಿದು ಹೊರಟರೆ ಲೆಗ್ಯೂಮ್, ಅಂದರೆ ಅವರೆ-ಹುಣಸೆ ಕುಟುಂಬ. ಆದರೆ ಹೂವಿನಲ್ಲಿ ದಳವೇ ಇಲ್ಲ. ಸಾಕಾಗಿಹೋಗಿದೆ, ಕೀಯಲ್ಲೇ ತಪ್ಪಿದೆಯಾ?

ಬಾಗೆಮರ: ಆಲ್ಬಿಜಿಯ, ಬಾಗೆಯ ಗುಂಪು. ನೀವು ಒಂದು ಪಿನ್ನಾವನ್ನೇ (ಸಂಯುಕ್ತ ಎಲೆಯ ಒಂದು ಕವಲು) ಇಡೀ ಎಲೆ ಅಂದುಕೊಂಡಿದ್ದೀರಿ. ತೊಟ್ಟಿನ ಮೇಲೆ ಗ್ರಂಥಿ ನೋಡಿ.

ಕಾಡುಗಿಡ: ಗ್ರಂಥಿ ಇಲ್ಲ.

ಬಾಗೆಮರ: ಚಪ್ಪಟೆಯಾಗಿರುತ್ತೆ, ಬರಿಗಣ್ಣಿಗೆ ತಪ್ಪಿಹೋಗುತ್ತೆ. ಲೆನ್ಸ್ ಹಿಡಿದು ತೊಟ್ಟಿನ ಬುಡದಲ್ಲಿ ಇನ್ನೊಮ್ಮೆ ನೋಡಿ.

ಎಲೆಕಂಕುಳು: ಗ್ರಂಥಿ ಬಿಡಿ ಸಾರ್. ಹೂ ಎಲ್ಲಿಂದ ಹೊರಟಿದೆ?

ಕಾಡುಗಿಡ: ಕಿರುಎಲೆಗಳ ಬುಡದಲ್ಲಿ, ಗೊಂಚಲು ಗೊಂಚಲಾಗಿ. ಅದು ಮುಖ್ಯವಾ?

ಎಲೆಕಂಕುಳು: ಅದೇ ಮುಖ್ಯ. ಕಿರುಎಲೆಯ ಕಂಕುಳಲ್ಲಿ ಮೊಗ್ಗು ಇರುವುದಿಲ್ಲ. ಸಂಯುಕ್ತ ಎಲೆಗೆ ಮೊಗ್ಗು ಇಡೀ ಎಲೆಯ ಬುಡದಲ್ಲಿ, ಅದು ಕಾಂಡಕ್ಕೆ ಸೇರುವ ಕಡೆ. ನಿಮ್ಮದು ನೆಲ್ಲಿ, ಫಿಲಾಂಥಸ್. ನೀವು ಎಲೆ ಅಂದಿದ್ದು ಒಂದು ಕಿರುರೆಂಬೆ, ಕಿರುಎಲೆ ಅಂದಿದ್ದು ಒಂದೊಂದೂ ಸರಳ ಎಲೆ. ಈ ರೆಂಬೆ ಎಲೆಯ ಹಾಗೆ ಇಡಿಯಾಗಿ ಉದುರುವುದರಿಂದ ಗೊಂದಲ ಇನ್ನೂ ಜಾಸ್ತಿ.

ಹೂ ಇಲ್ಲದ ಕಾಲದಲ್ಲೂ ಗುರುತಿಸಬಹುದು. ಪ್ರತಿ ಎಲೆಯ ಬುಡದಲ್ಲಿ ಎರಡು ಪುಟ್ಟ ಸ್ಟಿಪ್ಯೂಲ್ (ಪಕ್ಕದ ಕಿರುಪೊರೆ) ಹುಡುಕಿ. ಆಮೇಲೆ ಹೊಸದಾಗಿ ಬೆಳೆಯುತ್ತಿರುವ ಮುಖ್ಯ ಕಾಂಡಕ್ಕೆ ಹೋಗಿ: ಅಲ್ಲಿ ಹಸಿರೆಲೆ ಇರುವುದಿಲ್ಲ, ಬರೀ ಹುರುಪೆಯಂಥ ಎಲೆ, ಅದರ ಕಂಕುಳಿಂದ ಕಿರುರೆಂಬೆ. ಹಳೆ ಕೊಂಬೆಯಲ್ಲಿ ನೋಡಬೇಡಿ, ಹುರುಪೆ ಉದುರಿ ಗಂಟು ಮಾತ್ರ ಉಳಿದಿರುತ್ತೆ. ಲೆಗ್ಯೂಮ್ ಆಗಿದ್ದರೆ ತೊಟ್ಟಿನ ಬುಡದಲ್ಲಿ ಪಲ್ವಿನಸ್ ಅನ್ನುವ ಉಬ್ಬು ಸಿಗಬೇಕಿತ್ತು. ಕೀಯಲ್ಲಿ ‘ಎಲೆ ಸರಳ’ ಕವಲು ಹಿಡಿದು ಯೂಫೋರ್ಬಿಯೇಸಿ ಕುಟುಂಬಕ್ಕೆ (ಹರಳಿನದು) ಬನ್ನಿ.

ಬಾಗೆಮರ: ಫೋಟೊ ಇಲ್ಲದೆ ಇಷ್ಟು ಖಡಾಖಂಡಿತವಾಗಿ ಹೇಳುವುದು ಹೇಗೆ? ಆಲ್ಬಿಜಿಯ ಸಸಿಗಳಲ್ಲೂ...

ಎಲೆಕಂಕುಳು: ಹೂ ಬಿಟ್ಟ ಸಸಿಯಾ?

ಒಣಹಾಳೆ: ಯೂಫೋರ್ಬಿಯೇಸಿ ಅಲ್ಲ, ಫಿಲಾಂಥೇಸಿ. 2003ರ ಎಪಿಜಿ 2 ಅನ್ನುವ ಹೂಗಿಡಗಳ ವರ್ಗೀಕರಣದಲ್ಲೇ ಬೇರೆ ಮಾಡಿದ್ದಾರೆ.

ಎಲೆಕಂಕುಳು: ಅವರ ಕೈಯಲ್ಲಿರೋದು ಹಳೇ ಕೀ. ಅದರಲ್ಲಿ ಫಿಲಾಂಥೇಸಿ ಹುಡುಕಿದರೆ ಸಿಗುತ್ತಾ?

ಒಣಹಾಳೆ: ಹರ್ಬೇರಿಯಂ (ಒಣಗಿಸಿಟ್ಟ ಗಿಡಗಳ ಸಂಗ್ರಹ) ಲೇಬಲ್ ಮೇಲೆ ಹಳೇ ಹೆಸರು ಬರೆಯೋದು ಹೀಗೇ ಶುರುವಾಗುತ್ತೆ.

ಕಾಡುಗಿಡ: ಹುರುಪೆ ಸಿಕ್ಕಿತು. ಹೂವಿಗೆ ಆರು ಹೋಳು, ಗಂಡು ಹೂವಿನಲ್ಲಿ ಮೂರು ಕೇಸರ, ಕೂಡಿಕೊಂಡಿವೆ. ಸ್ಟಿಪ್ಯೂಲ್ 10ಎಕ್ಸ್ (ಹತ್ತು ಪಟ್ಟು) ಲೆನ್ಸ್‌ನಲ್ಲಿ ಸರಿಯಾಗಿ ಕಾಣುತ್ತಿಲ್ಲ.

ಲೆನ್ಸ್‌ಪ್ರಿಯ: 20ಎಕ್ಸ್ ಟ್ರಿಪ್ಲೆಟ್ (ಮೂರು ಗಾಜು ಸೇರಿಸಿದ ಲೆನ್ಸ್) ತಗೊಳ್ಳಿ. ನನ್ನದರಲ್ಲಿ ಸುತ್ತ ಎಲ್‌ಇಡಿ ಇದೆ, ಹೂವಿನ ಡಿಸ್ಕ್ (ಮಕರಂದದ ಗ್ರಂಥಿ) ಕೂಡ ಸ್ಪಷ್ಟ.

ಒಣಹಾಳೆ: 20ಎಕ್ಸ್ ಅಂದರೆ ಫೋಕಸ್ ದೂರ ಹನ್ನೆರಡು ಮಿ.ಮೀ. ಚಿಲ್ಲರೆ. ತಲೆಯೇ ಬೆಳಕಿಗೆ ಅಡ್ಡ. 10ಎಕ್ಸ್ ಸಾಕು, ಲೆನ್ಸನ್ನು ಕಣ್ಣಿಗೆ ಒತ್ತಿ ರೆಂಬೆಯನ್ನು ಹತ್ತಿರ ತರಬೇಕು.

ಲೆನ್ಸ್‌ಪ್ರಿಯ: ಅದಕ್ಕೇ ಎಲ್‌ಇಡಿ ಅಂದಿದ್ದು.

ಎಲೆಕಂಕುಳು: ಕಾಡುಗಿಡ ಅವರೇ, ಎಲೆಯ ಅಗಲ ಎಷ್ಟು ಮಿ.ಮೀ. ಅಂತ ಅಳೆದು ಹಾಕಿ. ಬಿಳಿಗಿರಿರಂಗನ ಬೆಟ್ಟದ ಕಡೆ ಎಂಬ್ಲಿಕಾ ಅನ್ನುವ ನೆಲ್ಲಿಯ ಜೊತೆಗೆ ಇಂಡೋಫಿಷೆರಿ ಅನ್ನುವ ಇನ್ನೊಂದು ಜಾತಿಯೂ ಇದೆ. ಅದರ ಎಲೆ ಅಗಲ, ಕಾಯಿ ದಪ್ಪ. ಯಾವ ಊರಿನ ಕಾಡು ಅಂತ ನೀವು ಇನ್ನೂ ಹೇಳಿಲ್ಲ.

ಲೆನ್ಸ್‌ಪ್ರಿಯ: ಅಗಲ ಅಳೆಯೋಕೆ ಸ್ಕೇಲ್ ಇರುವ ಲೂಪ್ (ಕೈಲೆನ್ಸ್) ಬರುತ್ತೆ, 0.1 ಮಿ.ಮೀ.ವರೆಗೂ. ಬೇಕಾದರೆ ನನ್ನ ಕಿಟ್‌ನ ಫೋಟೊ ಹಾಕ್ತೀನಿ.